ಫೋನಿನೊಳಗೆ ಸಿಗದ ಹಿಂಡು

ಮೂವತ್ತನಾಲ್ಕು ವರ್ಷ ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ಕಂಬ ಹತ್ತಿದವನು ನಾನು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಕಡೆ ನಾನು ಹತ್ತದ ಕಂಬವಿಲ್ಲ, ಮನುಷ್ಯನ ದನಿ ಎಲ್ಲಿಂದ ಎಲ್ಲಿಗೆ ಹೇಗೆ ಹೋಗುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವನು ಯಾವನಿದ್ದಾನೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಆ ಜಂಬ ಇಳಿಸಿದವನು ಯರ್ರೆಪ್ಪ, ಕುರಿ ಕಾಯುವವನು. ಪೇಪರಿನಲ್ಲಿ ಬರುವಂಥ ಬದುಕು ಅವನದಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ.

ಕೊಟ್ಟೂರಿನಲ್ಲಿ ನಮ್ಮ ಮನೆಗೆ ಅಂಟಿಕೊಂಡಿರುವ ಬಾಡಿಗೆ ಮನೆಯಲ್ಲಿ ಮೇಘಾ ಎಂಬ ಹುಡುಗಿ ಇದ್ದಾಳೆ. ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ಯರ್ರೆಪ್ಪ ಅವಳ ಅಪ್ಪ. ಹೋದ ಚಳಿಗಾಲದಲ್ಲಿ ಹರಪನಹಳ್ಳಿ ಕಡೆ ಹಿಂಡನ್ನು ರಸ್ತೆ ದಾಟಿಸುವಾಗ ಒಂದು ಮರಿ ಹಿಂದೆ ಉಳಿಯಿತಂತೆ. ಎತ್ತಿಕೊಳ್ಳಲು ಬಗ್ಗಿದ್ದಾನೆ, ಬೈಕೊಂದು ಬಂದು ಗುದ್ದಿದೆ. ಮರಿಗೆ ಒಂದು ಗೀರೂ ಆಗಲಿಲ್ಲ, ಇವನ ತೊಡೆಯ ಎಲುಬು ಎರಡು ತುಂಡಾಯಿತು. ಒಳಗೆ ರಾಡು ಹಾಕಿದ ಡಾಕ್ಟರು, ಮೂರು ತಿಂಗಳು ಕಾಲು ಊರಬಾರದು, ಹಳ್ಳಿಯ ರಸ್ತೆಯಲ್ಲಿ ಗಾಡಿ ಹತ್ತಿ ಕುಲುಕಾಡಬಾರದು ಎಂದು ಖಡಾಖಂಡಿತ ಹೇಳಿದರು. ಮೇಘಾ ಅಪ್ಪನನ್ನು ಕರೆತಂದು ತನ್ನ ಮನೆಯ ಮುಂದಿನ ಕೋಣೆಯಲ್ಲಿ ಮಲಗಿಸಿಕೊಂಡಳು.

ಪಕ್ಕದ ಮನೆಯವನಲ್ಲವೇ, ಮಾತಾಡಿಸಲು ಹೋದೆ. ನನಗಿಂತ ನಾಲ್ಕು ವರ್ಷ ದೊಡ್ಡವನು, ಅರವತ್ತಾರು. ಬಿಸಿಲಿಗೆ ಸುಟ್ಟ ಮೈ, ಗಂಟು ಹಾಕಿದ ಬಿಳಿ ಕೂದಲು.

“ಹೆಂಗದೀ ಯರ್ರೆಪ್ಪಣ್ಣ?” ಎಂದೆ.

“ಮ್ಯಾಲೆ ಫ್ಯಾನ್ ಐತಿ, ಕೆಳಗ ಗಾದಿ ಐತಿ, ಸುತ್ತ ನಾಕು ಗ್ವಾಡಿ ಅದಾವ. ಮನುಷ್ಯಾ ಹಿಂಗ ಎಷ್ಟು ದಿನ ಬದುಕಬೌದಂತಿ?” ಎಂದ. ನಗುತ್ತಾನೇನೋ ಎಂದು ನೋಡಿದೆ. ಇಲ್ಲ, ನಿಜವಾಗಿಯೂ ಕೇಳುತ್ತಿದ್ದ.

ಅವನು ಹುಟ್ಟಿದ್ದೇ ಮೈಲಾರದ ಹತ್ತಿರದ ಯಾರದೋ ಹೊಲದಲ್ಲಿ. ಹೆತ್ತ ಮೂರನೇ ದಿನಕ್ಕೆ ಹಿಂಡು ಮುಂದೆ ಹೊರಟಿತಂತೆ. ಕತ್ತೆಯ ಮೇಲೆ ಹೇರಿದ ಪಾತ್ರೆ, ಕಂಬಳಿಗಳ ನಡುವೆ ಇವನನ್ನೂ ಮಲಗಿಸಿಕೊಂಡು ಹೋದರು. ಸ್ಕೂಲಿಗೆ ಹೋದದ್ದು ಒಟ್ಟು ನಾಲ್ಕು ದಿನ. ಇಪ್ಪತ್ತೊಂದನೇ ವಯಸ್ಸಿಗೆ ಇಟ್ಟಿಗಿಯ ದ್ಯಾಮಕ್ಕನನ್ನು ಮದುವೆಯಾದ. ಅಂದಿನಿಂದ ಮುಂದೆ ಅವನು, ನಡುವೆ ಇನ್ನೂರು ಕುರಿ, ಹಿಂದೆ ಅವಳು. ಮಳೆಗಾಲಕ್ಕೆ ಕೂಡ್ಲಿಗಿ ಗುಡ್ಡದ ಕಡೆ, ಸುಗ್ಗಿ ಮುಗಿದ ಮೇಲೆ ಹೊಳೆಸಾಲಿನ ಹೊಲಗಳ ಕಡೆ. ಸೊರಗಿದ ಕುರಿ, ಬಸುರಿ ಕುರಿ, ಮೊನ್ನೆ ಹುಟ್ಟಿದ ಮರಿ, ಎಲ್ಲವನ್ನೂ ಅವನು ಕೋಲು ಎತ್ತದೆ ಬರೀ ದನಿಯಿಂದ ನಡೆಸುತ್ತಿದ್ದ.

ನಾವಿಬ್ಬರೂ ಬೇಗ ಗೆಳೆಯರಾದೆವು. ಯಾಕೆಂದರೆ ಇಬ್ಬರೂ ಸವೆಸಿದ್ದು ಒಂದೇ ನೆಲ. ಒಂದು ಮಧ್ಯಾಹ್ನ ನಾನು, ಇಟ್ಟಿಗಿ ದಾಟಿದ ಮೇಲೆ ಒಂದು ಕಂಬ ವರ್ಷಾ ವರ್ಷಾ ವಾಲುತ್ತಿತ್ತು, ಅದರಿಂದ ಸಾಹೇಬರ ಹತ್ತಿರ ಎಷ್ಟು ಬೈಸಿಕೊಂಡಿದ್ದೇನೆ ಎಂದು ಹೇಳುತ್ತಿದ್ದೆ.

“ಹುಣಸಿ ಗಿಡದ ಬಾಜೂಕಿಂದೇನು?”

“ಹೂಂ, ಅದ.”

“ಅದಕ್ಕ ನಮ್ಮ ಟಗರು ಮೈ ತಿಕ್ತಿದ್ದವಲ್ಲೋ! ಭಾಳ ಚಲೋ ಕಂಬ ಅದು!”

“ಅಲಲಾ! ನಿನ್ನ ಟಗರಿನ ಸಲುವಾಗಿ ನಾ ಮೆಮೊ ತಗೊಂಡೀನಲ್ಲೋ ಮನುಷ್ಯಾ!” ಎಂದು ನಾನು ರೇಗಿದೆ. ಅಂದು ಅವನು ಮೊದಲ ಸಲ ನಕ್ಕ, ತೊಡೆ ಹಿಡಿದುಕೊಂಡು ನಕ್ಕ.

ಆದರೆ ಸಂಜೆ ಐದೂವರೆ ಆಗುತ್ತಿದ್ದಂತೆ ಅವನ ಮುಖ ಸಪ್ಪಗಾಗುತ್ತಿತ್ತು. ಅದು ಮೇದ ಕುರಿಗಳು ತಿರುಗಿ ಬರುವ ಹೊತ್ತು. ಸಣ್ಣ ಮರಿಗಳನ್ನು ಹಗಲೆಲ್ಲ, ಹೊಲದಲ್ಲಿ ಬೇಲಿಯಂತೆ ಸುತ್ತ ಕಟ್ಟಿದ ಬಲೆಯೊಳಗೆ ಬಿಟ್ಟು ಹೋಗಿರುತ್ತಾರೆ. ಸಂಜೆ ತಾಯಿ ಕುರಿಗಳು ದೂರದಿಂದಲೇ ಕೂಗುತ್ತ ಬರುತ್ತವೆ, ಮರಿಗಳು ಒಳಗಿಂದ ಕೂಗುತ್ತವೆ. ನೂರಾರು ದನಿ ಒಟ್ಟಿಗೆ ಎದ್ದರೂ ಪ್ರತಿ ತಾಯಿಯೂ ತನ್ನ ಮರಿಯನ್ನು ಕಂಡುಕೊಳ್ಳುತ್ತದೆ. ಆ ಗದ್ದಲ ಕೇಳಿಯೇ ಯಾವ ಕುರಿಗೆ ಹಾಲು ಕಡಿಮೆಯಾಗಿದೆ, ಯಾವ ಮರಿಗೆ ಹೊಟ್ಟೆನೋವು ಎಂದು ಹೇಳುತ್ತಿದ್ದನಂತೆ ಯರ್ರೆಪ್ಪ. ಈಗ ಹಿಂಡು ಹಡಗಲಿ ತಾಲ್ಲೂಕಿನ ಮಾಗಳದಲ್ಲಿ, ಹೊಳೆಯ ಪಕ್ಕದ ಪಂಚಾಕ್ಷರಪ್ಪನ ಹೊಲದಲ್ಲಿ ಗೊಬ್ಬರಕ್ಕೆಂದು ತಂಗಿತ್ತು. ನೋಡಿಕೊಳ್ಳುತ್ತಿದ್ದವರು ದ್ಯಾಮಕ್ಕ ಮತ್ತು ಮಗ ಬೀರಲಿಂಗೇಶ್.

ಆ ಹೊಲದಲ್ಲಿ ಮೊಬೈಲ್ ಸಿಗ್ನಲ್ ನಿಲ್ಲುವುದಿಲ್ಲ. ಮಾತು ಶುರುವಾಗುವುದರೊಳಗೆ ಕಟ್ ಆಗುತ್ತದೆ. ಆದರೆ ಪಂಚಾಕ್ಷರಪ್ಪನ ಮನೆ ಹೊಲದಲ್ಲೇ ಇದೆ, ಮನೆಗೆ ಫೈಬರ್ ನೆಟ್ ಇದೆ. ಅವರ ವೈಫೈ ಹಿಡಿದು ಬೀರಲಿಂಗೇಶ್ ತನ್ನ ಫೋನಿನಿಂದ ನೆಟ್ ಕಾಲ್ ಮಾಡುತ್ತಿದ್ದ. ಮೊದಲ ದಿನದ ಕರೆಯ ಹೊತ್ತಿಗೆ ನಾನು ಅಲ್ಲೇ ಕೂತಿದ್ದೆ. ಮೇಘಾ ಸ್ಪೀಕರ್ ಹಾಕಿ ಫೋನನ್ನು ಅಪ್ಪನ ಎದೆಯ ಮೇಲೆ ಇಟ್ಟಳು.

“ದ್ಯಾಮಿ, ಕುರಿ ಬಂದವೇನು?”

“ಬಂದಾವ್ರಿ. ಬಲಿ ಒಳಗ ಹೊಕ್ಕಾವ.”

“ನೀ ಎಲ್ಲಿ ನಿಂತಿ?”

“ಕುರಿ ನಡುವನ ನಿಂತೀನ್ರಿ. ಮರಿ ಸೆರಗು ಜಗ್ಗಾಕತ್ತೈತಿ.”

“ಮತ್ತ ಒಂದೂ ಒದರವಲ್ವಲ್ಲ?”

“ಒದರಾಕತ್ತಾವ್ರಿ! ನನ್ನ ಕಿವಿ ಕಿತ್ತು ಹೋಗಂಗ ಒದರಾಕತ್ತಾವ.”

ನಾವು ಮೂವರೂ ಕಿವಿ ಕೊಟ್ಟು ಕೇಳಿದೆವು. ದ್ಯಾಮಕ್ಕನ ದನಿ ಪಕ್ಕದಲ್ಲೇ ಕೂತು ಮಾತಾಡಿದಷ್ಟು ನಿಚ್ಚಳವಾಗಿತ್ತು. ಅದರ ಹಿಂದೆ ಏನೂ ಇರಲಿಲ್ಲ. ಕುರಿಯಿಲ್ಲ, ನಾಯಿಯಿಲ್ಲ, ಗಾಳಿಯೂ ಇಲ್ಲ. ಕರೆ ಮುಗಿದ ಮೇಲೆ ಯರ್ರೆಪ್ಪ ಗೋಡೆಯ ಕಡೆ ಮುಖ ತಿರುಗಿಸಿ, “ಕುರಿ ಮಾರ್ಯಾರ. ನನಗ ಹೇಳವಲ್ರು,” ಎಂದ. ಮೇಘಾ ಆಣೆ ಮಾಡಿದಳು. ಅವನು ನಂಬಲಿಲ್ಲ.

ಮರುದಿನ ಬೀರಲಿಂಗೇಶ್ ವಿಡಿಯೊ ಕಾಲ್ ಮಾಡಿದ. ಚಿತ್ರ ನಿಂತು ನಿಂತು ಬರುತ್ತಿತ್ತು. ಇರಲಿ, ಕುರಿಗಳಂತೂ ಕಂಡವು. ಒಂದು ದೊಡ್ಡ ಟಗರು ನೇರ ಫೋನಿನ ಮುಂದೆ ಬಂದು ಬಾಯಿ ತೆರೆಯಿತು, ಮುಚ್ಚಿತು, ತೆರೆಯಿತು. ಸದ್ದಿಲ್ಲ. ಯರ್ರೆಪ್ಪ ಎದ್ದು ಕೂರಲು ಹೋಗಿ ನೋವಿಗೆ ಚೀರಿದ.

“ಗಂಟಲು ಬೇನಿ! ಲೇ ಬೀರಲಿಂಗೇಶ, ಕುರಿಗೆ ಗಂಟಲು ಬೇನಿ ಬಂದೈತಲೇ! ದನಿ ಹೋಗೈತಿ ನೋಡು! ದನದ ಡಾಕ್ಟರ್‌ನ ಕರಕೊಂಡು ಬಾ, ಓಡಲೇ!”

ಅತ್ತ ಕಡೆ ಬೀರಲಿಂಗೇಶ್ ಬೆಪ್ಪಾಗಿ ನಿಂತ. ಮೇಘಾಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಇನ್ನು ಸುಮ್ಮನಿದ್ದರೆ ಆಗದು ಎಂದು ನಾನು ಬಾಯಿ ಹಾಕಿದೆ.

“ಬೇನಿ ಬಂದಿದ್ದು ಕುರಿಗಲ್ಲ, ಈ ಫೋನಿಗೆ. ಸುಮ್ಮನ ಮಲಗು, ಹೇಳ್ತೀನಿ.”

ನಾನು ಎಳೆದ ತಾಮ್ರದ ತಂತಿಗೆ ಇಂಥ ಸೊಕ್ಕು ಇರಲಿಲ್ಲ. ದನಿ ಹೇಗೆ ಅಲುಗುತ್ತದೋ ತಂತಿಯೊಳಗಿನ ಕರೆಂಟೂ ಹಾಗೇ ಅಲುಗುತ್ತಿತ್ತು. ಮಾತಾಡಿದರೆ ಮಾತು, ಹಿಂದೆ ನಾಯಿ ಬೊಗಳಿದರೆ ನಾಯಿ, ಕುಕ್ಕರ್ ಕೂಗಿದರೆ ಕುಕ್ಕರ್, ಎಲ್ಲವೂ ಒಂದೇ ಹೊನಲಾಗಿ ಆ ಕಡೆಗೆ ಹೋಗುತ್ತಿತ್ತು. ಎರಡು ಮನೆಗಳ ನಡುವಿನ ದಾರಿ ಕರೆ ಮುಗಿಯುವವರೆಗೂ ಆ ಇಬ್ಬರಿಗೇ ಮೀಸಲು. ನೆಟ್ ಕಾಲ್ ಹಾಗಲ್ಲ. ಫೋನು ದನಿಯನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಅಂಕಿ ಮಾಡಿಕೊಳ್ಳುತ್ತದೆ. ಒಂದು ಸೆಕೆಂಡಿನ ಮಾತನ್ನು ಸುಮಾರು ಐವತ್ತು ತುಂಡು ಮಾಡಿ, ಹಿಂಡಿ ಸಣ್ಣದು ಮಾಡಿ, ಒಂದೊಂದಕ್ಕೂ ನಂಬರು ಮತ್ತು ವಿಳಾಸ ಬರೆದು ಬಿಡುತ್ತದೆ. ಬೇರೆಯವರ ಸಿನಿಮಾ, ಫೋಟೊ, ಲೆಕ್ಕಪತ್ರಗಳ ನಡುವೆ ಆ ತುಂಡುಗಳೂ ನುಗ್ಗಿಕೊಂಡು ಹೋಗಬೇಕು.

ಇದನ್ನು ಕುರಿ ಕಾಯುವವನಿಗೆ ಹೇಗೆ ಹೇಳುವುದು? “ನಿನ್ನ ಕುರಿಗೆಲ್ಲ ಕೊಳ್ಳಿಗೆ ನಂಬರ್ ಕಟ್ಟಿ ಸಂತ್ಯಾಗ ಬಿಟ್ಟಂಗ ತಿಳ್ಕೊ,” ಎಂದೆ. “ಒಂದು ಈ ಸಂದಿಯಿಂದ ಹೊಕ್ಕೈತಿ, ಒಂದು ಆ ಸಂದಿಯಿಂದ. ಆ ಕಡಿ ನಿಂತ ಕಾವಲುಗಾರ ಚೂರು ಹೊತ್ತು ಕಾದು, ನಂಬರ್ ಪ್ರಕಾರ ಸಾಲು ಹಚ್ಚಿ ಒಳಗ ಬಿಡ್ತಾನ.”

“ಒಂದು ಬರಲಿಲ್ಲಂದ್ರ?”

“ಭಾಳ ಹೊತ್ತು ಕಾಯಂಗಿಲ್ಲ. ಮಾತು ತಡಾ ಆಕ್ಕೈತಿ. ಹಿಂದಿನ ಕುರಿ ನೋಡಿ ಅಂಥದ್ದ ಒಂದು ಮಾಡಿ ಆ ಜಾಗಕ್ಕ ನಿಂದರಸ್ತಾನ.”

“ಕಳದದ್ದನ್ನ ಹುಡುಕಂಗ ಇಲ್ಲೇನು?”

“ಇಲ್ಲ.”

“ಥೂ ಇವನ! ಇದೆಂಥ ಕಾವಲು?” ಎಂದು ಅವನು ಫೋನನ್ನು ದುರುಗುಟ್ಟಿ ನೋಡಿದ.

“ಅದಿರಲಿ. ನಿನ್ನ ಕುರಿ ಕೇಳದಿದ್ದಕ್ಕ ಕಾರಣ ಬ್ಯಾರೆ ಐತಿ. ತುಂಡು ಮಾಡೋಕಿಂತ ಮೊದಲ ಅದು ದನಿ ಹಸನ ಮಾಡ್ತೈತಿ. ಮನುಷ್ಯಾರ ಮಾತು ಹೆಂಗಿರ್ತೈತಿ ಅಂತ ಲಕ್ಷಗಟ್ಟಲೆ ಮಂದಿ ಮಾತು ಕೇಳಿಸಿ ಅದಕ್ಕ ಕಲಿಸ್ಯಾರ. ಮಾತಿನಂಗ ಇದ್ದದ್ದು ಇಟ್ಕೊಂತೈತಿ. ಫ್ಯಾನು, ಗಾಳಿ, ಗಾಡಿ, ಕುರಿ, ಉಳಿದಿದ್ದೆಲ್ಲ ಅದರ ಲೆಕ್ಕಕ್ಕ ಬರೇ ಗದ್ದಲ. ಒರಸಿ ಒಗೀತೈತಿ.”

ಯರ್ರೆಪ್ಪ ಫೋನನ್ನು ಗಾದಿಯ ಮೇಲೆ ಕವುಚಿ ಇಟ್ಟ. ಆಮೇಲೆ, “ನನಗ ಉಳಿದಿದ್ದ ಬೇಕಾಗಿತ್ತಲ್ಲೋ,” ಎಂದ.

ಆದರೂ ಹಿಂಡು ಇದೆ, ಬೇನೆ ಇಲ್ಲ ಎಂಬ ಧೈರ್ಯವಾದರೂ ಅವನಿಗೆ ಬಂತಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಎರಡು ತಿಂಗಳು ಕಳೆಯಿತು. ಕಾಲಿನ ಎಲುಬು ಕೂಡುತ್ತಿತ್ತು. ಅಷ್ಟರಲ್ಲಿ ಮೇಘಾ ಒಂದು ಮಾತು ತೆಗೆದಳು. ತಮ್ಮನಿಗೆ ಹಿಂಡು ಬಿಟ್ಟುಕೊಡು, ನೀನು ಇಲ್ಲೇ ನನ್ನ ಹತ್ತಿರ ಇದ್ದುಬಿಡು, ಆಮೇಲೆ ಅವ್ವನನ್ನೂ ಕರೆಸಿಕೊಳ್ಳೋಣ. ಅವಳು ಕೆಟ್ಟದ್ದಕ್ಕೆ ಹೇಳಲಿಲ್ಲ. ದಿನವೂ ವಾರ್ಡಿನಲ್ಲಿ ಎಂಥೆಂಥ ಮುರಿದ ಕಾಲು ನೋಡುವವಳು. ಯರ್ರೆಪ್ಪ ಕೋಪ ಮಾಡಿಕೊಳ್ಳುತ್ತಾನೆ ಎಂದುಕೊಂಡಿದ್ದೆ, ಮಾಡಿಕೊಳ್ಳಲಿಲ್ಲ. ಅವನೊಳಗೆ ಅದಕ್ಕಿಂತ ದೊಡ್ಡ ಅಂಜಿಕೆ ಇತ್ತು.

“ಕುರಿಗೆ ಕಾಯಾವ ಅಂದ್ರ ಮುಖ ಅಲ್ಲ, ದನಿ,” ಎಂದ. “ಎರಡು ತಿಂಗಳು ದನಿ ಕೇಳಲಿಲ್ಲಂದ್ರ ಮರೀತಾವ ಅಂತಿದ್ದ ನಮ್ಮಪ್ಪ. ಮರತ ಕುರಿ ಮುಂದ ನಿಂತು ಬಾ ಅಂದ್ರ ಬರಂಗಿಲ್ಲ. ಅವನ್ನ ಹಿಂದಿಂದ ಹೊಡೀಬೇಕು. ಹೊಡದು ನಡಸಾಕ ನನ್ನ ಕಾಲಿಲ್ಲ, ಮನಸೂ ಇಲ್ಲ. ಮೇಘಾ, ಒಂದು ಮಾತು. ನಾ ಕರದಾಗ ಅವು ಬಂದ್ರ ನಾ ಹೋಗ್ತೀನಿ. ಬರಲಿಲ್ಲಂದ್ರ ನೀ ಹೇಳಿದಂಗ ಇಲ್ಲೇ ಬಿದ್ದಿರ್ತೀನಿ.”

“ಇಲ್ಲಿಂದ ಹೆಂಗ ಕರೀತೀಯಪ್ಪ?”

ಯರ್ರೆಪ್ಪ ನನ್ನನ್ನು ನೋಡಿದ. ಅಲ್ಲಪ್ಪಾ, ನನಗೆ ಆಗ ಎಂಥ ಮಂಕು ಕವಿದಿತ್ತೋ! “ಅದೇನು ಮಹಾ, ಕುರಿ ದನಿ ಈ ಕಡಿ ಬರಂಗಿಲ್ಲ ಅಷ್ಟ. ನಿಂದು ಮನುಷ್ಯಾನ ದನಿ. ಅದು ಆ ಕಡಿ ಹೊಕ್ಕೈತಿ,” ಎಂದು ಎದೆ ತಟ್ಟಿ ಹೇಳಿದವನು ನಾನೇ.

ಸಂಜೆ ಕರೆ ಬಂತು. ಬೀರಲಿಂಗೇಶ್ ಟ್ರ್ಯಾಕ್ಟರಿನವರ ಒಂದು ದೊಡ್ಡ ಸ್ಪೀಕರಿಗೆ ಫೋನು ಜೋಡಿಸಿ, ಬದುವಿನ ಮೇಲೆ ಇಟ್ಟ. ಕುರಿಗಳು ಇನ್ನೂ ಬಲೆಯ ಹೊರಗೆ, ಹೊಲದಲ್ಲಿ ಮೇಯುತ್ತಿದ್ದವು. ಯರ್ರೆಪ್ಪ ಮೊದಲು ತುಟಿ ಒದ್ದೆ ಮಾಡಿಕೊಂಡ. ಆಮೇಲೆ ಕರೆದ.

ಅಂಥದ್ದನ್ನು ನಾನು ಅಷ್ಟು ಹತ್ತಿರದಿಂದ ಕೇಳಿರಲಿಲ್ಲ. ನಾಲಿಗೆಯನ್ನು ಅಂಗುಳಕ್ಕೆ ಹೊಡೆದು ಉದ್ದಕ್ಕೆ ಒಂದು ತ್ರ್ರ್ರ್ರ್, ಅದು ಮುಗಿಯುವ ಮೊದಲೇ ತುಟಿಯಿಂದ ಒಂದು ಸಣ್ಣ ಸಿಳ್ಳೆ, ಮತ್ತೆ ತ್ರ್ರ್ರ್ರ್. ಕೋಣೆ ತುಂಬಿತು. ಬೀದಿಯಲ್ಲಿ ಹೋಗುತ್ತಿದ್ದ ಮೇಕೆಯೊಂದು ಬಾಗಿಲಲ್ಲಿ ನಿಂತು ಒಳಗೆ ಇಣುಕಿತು! ಮೂರು ಸಲ ಕರೆದು, ಏದುಸಿರು ಬಿಡುತ್ತ ಅವನು ಕೇಳಿದ.

“ಬಂದವೇನಲೇ?”

ಫೋನಿನಿಂದ ಬರೀ ಸುಂಯ್ ಎಂಬ ಸದ್ದು ಬಂತು.

“ಬೀರಲಿಂಗೇಶ, ಬಂದವೇನಲೇ?”

“ಇಲ್ಲಪ್ಪ. ಒಂದೂ ತಲಿ ಎತ್ತಲಿಲ್ಲ. ಮೇಯಾಕತ್ತಾವ.”

ಯರ್ರೆಪ್ಪ ಫೋನನ್ನು ಮೇಘಾಳ ಕೈಗೆ ಕೊಟ್ಟ. “ಮುಗೀತು ಬಿಡು,” ಎಂದ. “ಕೋಲು, ಕಂಬಳಿ ನಿನ್ನ ತಮ್ಮಗ ಇಟ್ಕೊ ಅನ್ನವ್ವ. ನನಗಿನ್ನ ಬ್ಯಾಡ.”

ಅದಾದ ಮೇಲೆ ಎರಡು ದಿನ ಅವನು ಫೋನ್ ಮುಟ್ಟಲಿಲ್ಲ. ನಾನು ಕಂಬದ ಮಾತು, ಟಗರಿನ ಮಾತು ಏನೇ ತೆಗೆದರೂ ಹೂಂ ಎನ್ನುವುದಷ್ಟೇ. ರೊಟ್ಟಿಯನ್ನು ಮುರಿದು ಮುರಿದು ತಟ್ಟೆಯಲ್ಲೇ ಬಿಡುತ್ತಿದ್ದ. ಅರವತ್ತಾರು ವರ್ಷದ ಮನುಷ್ಯ, ಕಣ್ಣೆದುರಿಗೇ ಎಂಬತ್ತಾದಂತೆ ಕಂಡ. ಮೇಘಾ ತಾನು ಬಯಸಿದ್ದು ಸಿಕ್ಕರೂ ಅಡುಗೆಮನೆಯಲ್ಲಿ ಕೂತು ಅಳುತ್ತಿದ್ದಳು.

ಮೂರನೇ ದಿನ ಮಧ್ಯಾಹ್ನ ಅವಳು ನಮ್ಮ ಮನೆಗೆ ಬಂದಳು. “ಕಾಕಾ, ಒಂದು ಮಾತು ಕೇಳ್ತೀನಿ. ಮುಂಜಾನೆ ಅವ್ವ ಫೋನ್ ಮಾಡಿದ್ಲು. ಅವತ್ತು ಅಪ್ಪ ಅಷ್ಟೊತ್ತು ಯಾಕ ಸುಮ್ಮನ ಇದ್ದ, ಅಳಾಕತ್ತಿದ್ನೇನು ಅಂತ ಕೇಳಿದ್ಲು.”

“ಸುಮ್ಮನ ಎಲ್ಲಿದ್ದ? ಓಣಿ ಎಲ್ಲ ಕೇಳಂಗ ಕರದಾನಲ್ಲ?”

“ನಾನೂ ಅದ ಅಂದೆ. ಅವ್ವಗ ಒಂದು ಚೂರೂ ಕೇಳಿಲ್ಲಂತ.”

ನಾನು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಮೇಘಾಳ ಫೋನನ್ನು ಅವಳ ಅಪ್ಪನ ಹತ್ತಿರ ಕಳಿಸಿ, ನಾನು ನಮ್ಮ ಅಡುಗೆಮನೆಯ ಬಾಗಿಲು ಹಾಕಿಕೊಂಡು ನೆಟ್ ಕಾಲ್ ಹಚ್ಚಿದೆ. “ಯರ್ರೆಪ್ಪಣ್ಣ, ಒಂದು ಸಲ ಕರಿ,” ಎಂದೆ. ಒಲ್ಲೆ ಎಂದ. ಬೈದೆ. ಬೇಡಿಕೊಂಡೆ. ಕೊನೆಗೆ, “ನಿನಗೂ ತಲಿ ಕೆಟ್ಟೈತಿ,” ಎಂದು ಗೊಣಗಿದ್ದು ಚೆನ್ನಾಗಿ ಕೇಳಿಸಿತು. ಆಮೇಲೆ ಗೋಡೆಯಾಚೆಯಿಂದ ನನ್ನ ಎಡಗಿವಿಗೆ ಅವನ ಕರೆ ಬಂತು. ಬಲಗಿವಿಗೆ ಹಿಡಿದ ಫೋನಿನಲ್ಲಿ ಮಾತ್ರ ಒಂದು ಬಿಕ್ಕಳಿಕೆಯಂಥ ಸದ್ದು, ಆಮೇಲೆ ಬರೀ ಸುಂಯ್. ಆ ಸುಂಯ್ ಕೂಡ ಅವನ ಕೋಣೆಯದಲ್ಲ. ಮಾತು ಇಲ್ಲದಾಗ ಲೈನ್ ಸತ್ತಿತೆಂದು ಜನ ಗಾಬರಿಯಾಗಬಾರದು ಎಂದು ಫೋನೇ ತುಂಬುವ ಸದ್ದು ಅದು.

ಅಂದರೆ, ಮನುಷ್ಯನ ಬಾಯಿಂದ ಬಂದರೆ ಸಾಲದು, ಅದು ಮಾತಿನಂತೆ ಇರಬೇಕು. ತಲೆತಲಾಂತರದಿಂದ ಕುರಿಗಳ ಜೊತೆ ಆಡಿ ಆಡಿ ಮಾಡಿಕೊಂಡ ಕರೆಯನ್ನು ಆ ಮೆಷಿನ್ನು ಫ್ಯಾನು, ಮೋಟರಿನ ಸದ್ದಿನ ಜೊತೆ ಕಸಕ್ಕೆ ಹಾಕಿತ್ತು. ಮೂವತ್ತನಾಲ್ಕು ವರ್ಷ ದನಿ ಸಾಗಿಸಿದ ನನಗೆ ಅದು ಹೊಳೆಯಲಿಲ್ಲ! ನನ್ನ ಮಾತು ನಂಬಿ ಒಬ್ಬ ಮನುಷ್ಯ ತನ್ನ ಕೋಲನ್ನೇ ಬಿಟ್ಟುಕೊಟ್ಟಿದ್ದ.

ಓಡಿ ಹೋಗಿ ಅವನ ಮಂಚದ ತುದಿಯಲ್ಲಿ ಕೂತೆ. “ಅವು ಮರತಿಲ್ಲೋ ಮಾರಾಯಾ! ಅವಕ್ಕ ಕೇಳಿಸೇ ಇಲ್ಲ! ತಪ್ಪು ನಂದು, ನಿನ್ನ ಕುರಿದಲ್ಲ!”

ಅವನು ನನ್ನನ್ನೇ ನೋಡಿದ. ನಂಬಲು ಅಂಜುತ್ತಿದ್ದ.

“ಈಗ ಕರೀಬ್ಯಾಡ. ರೆಕಾರ್ಡ್ ಮಾಡೋಣ,” ಎಂದೆ. ಕಾಲ್‌ನಲ್ಲಿ ಮಾತಾಡುವಾಗ ಅವಸರ, ಅದಕ್ಕೇ ಫೋನು ಮಾತನ್ನಷ್ಟೇ ಆರಿಸಿ ಉಳಿದದ್ದನ್ನು ಎಸೆಯುತ್ತದೆ. ವಾಯ್ಸ್ ಮೆಸೇಜಿಗೆ ಆ ಅವಸರವಿಲ್ಲ. ಕೇಳಿದ್ದನ್ನೆಲ್ಲ ಮೊದಲು ತನ್ನೊಳಗೆ ತುಂಬಿಕೊಂಡು, ಆಮೇಲೆ ಗಂಟು ಕಟ್ಟಿ ಕಳಿಸುತ್ತದೆ. ದಾರಿಯಲ್ಲಿ ಒಂದು ತುಂಡು ಕಳೆದರೆ ಮತ್ತೆ ತರಿಸಿಕೊಳ್ಳುತ್ತದೆ.

“ಕಳದದ್ದನ್ನ ಹುಡುಕ್ತೈತೇನು ಇದು?”

“ಹೂಂ. ಇದು ಹುಡುಕ್ತೈತಿ.”

ಅವನು ಕರೆದ. ಮೊದಲು ಅವನಿಗೇ ಕೇಳಿಸಿದೆ. ತನ್ನ ಕರೆಯನ್ನು ಹೊರಗಿನಿಂದ ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅರ್ಧ ಮುಗಿಯುವುದರೊಳಗೆ ನನ್ನ ಕೈ ಹಿಡಿದು ನಿಲ್ಲಿಸಿದ. “ಇದು ನಮ್ಮಪ್ಪನ ದನಿ,” ಎಂದ. ಮತ್ತೊಮ್ಮೆ ಹಾಕು ಎಂದು ಹೇಳುವ ಧೈರ್ಯ ಅವನಿಗಾಗಲಿಲ್ಲ. ನಾನಾಗಿಯೇ ಹಾಕಿದೆ, ಅವನು ಕಣ್ಣು ಮುಚ್ಚಿ ಪೂರ್ತಿ ಕೇಳಿದ.

ಐದೂವರೆಗೆ ಕಳಿಸಿದೆವು. ಮೊನ್ನೆಯ ಸ್ಪೀಕರಿನಲ್ಲೇ ಇದನ್ನು ಹಾಕು ಎಂದು ಮೇಘಾ ಬೀರಲಿಂಗೇಶನಿಗೆ ಹೇಳಿದ್ದಳು. ಮೆಸೇಜು ಮುಟ್ಟಿತು ಎಂದು ಫೋನು ತೋರಿಸಿತು. ಕೇಳಿದರು ಎಂದೂ ತೋರಿಸಿತು. ಆಮೇಲೆ ಏನೂ ಇಲ್ಲ. ಐದು ನಿಮಿಷ, ಹತ್ತು ನಿಮಿಷ. ಮೇಘಾ ಡ್ಯೂಟಿಗೆ ತಡವಾದರೂ ಹೊರಡಲಿಲ್ಲ. ಯರ್ರೆಪ್ಪ ಚಾದರದ ಅಂಚನ್ನು ಮಡಚುತ್ತ, ಬಿಚ್ಚುತ್ತ ಇದ್ದ. ಬರಲಿಲ್ಲ ಎಂದಾದರೆ ಈ ಮನುಷ್ಯನ ಮುಖವನ್ನು ಹೇಗೆ ನೋಡಲಿ ಎಂದು ನಾನು ಬಾಗಿಲಿಗೂ ಮಂಚಕ್ಕೂ ಓಡಾಡುತ್ತಿದ್ದೆ.

ಇಪ್ಪತ್ತು ನಿಮಿಷದ ಮೇಲೆ ಆ ಕಡೆಯಿಂದ ಒಂದು ವಾಯ್ಸ್ ಮೆಸೇಜು ಬಂತು. ಮೇಘಾ ಒತ್ತಿದಳು. ಕೋಣೆಯೊಳಗೆ ಒಮ್ಮೆಲೇ ಹಿಂಡು ನುಗ್ಗಿತು. ದಪ್ಪ ದನಿ, ಸಣ್ಣ ದನಿ, ಒಡಕು ದನಿ, ಎಲ್ಲ ಒಂದರ ಮೇಲೊಂದು. ಯರ್ರೆಪ್ಪ ಫೋನಿಗೆ ಕಿವಿ ಹಚ್ಚಿ, “ಇದು ಬೋಳಿ. ಇದು ಅದರ ಮಗಳು. ಈ ಕೆಮ್ಮಾದು ಕುಂಟ ಟಗರು,” ಎಂದು ಹೇಳುತ್ತಾ ಹೋದ. ಕಣ್ಣೀರು ಗಡ್ಡದೊಳಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನಾನೂ ಅತ್ತೆ, ಸುಳ್ಳೇಕೆ ಹೇಳಲಿ.

ಆಮೇಲೆ ದ್ಯಾಮಕ್ಕನ ಕಾಲ್ ಬಂತು.

“ಬಂದವೇನು ದ್ಯಾಮಿ?”

“ಬಂದವ್ರಿ. ಎಲ್ಲಾ ಬಂದವು. ಮೇಯಾದು ಬಿಟ್ಟು ಓಡಿ ಬಂದು ಆ ಡಬ್ಬಿ ಸುತ್ತ ನಿಂತವು. ಬೋಳಿ ಮೂಸಿ ನೋಡಿತು. ಡಬ್ಬಿ ಹಿಂದ ಹೋಗಿ ನೋಡಿತು. ನೀವು ಸಿಗಲಿಲ್ಲ. ಈಗ ಬದುವಿನ ಮ್ಯಾಲೆ ನಿಂತು ದಾರಿ ನೋಡಾಕತ್ತೈತಿ. ಅದರ ಹಿಂದ ಇನ್ನೂ ಹತ್ತಿಪ್ಪತ್ತು ನಿಂತಾವ. ಒಳಗ ಬಾ ಅಂದ್ರ ಬರವಲ್ವು. ಮರಿ ಹಸದು ಒದರಿದ್ರೂ ಹೊಳ್ಳಿ ನೋಡವಲ್ವು. ಇನ್ನೊಮ್ಮಿ ಹಾಕ್ಲೇನ್ರಿ, ನಿಮ್ಮ ದನಿ ಕೇಳಿ ಒಳಗ ಬಂದಾವು?”

“ಬ್ಯಾಡ! ಬ್ಯಾಡ. ಅಳಸ್ರಿ ಅದನ್ನ.” ಯರ್ರೆಪ್ಪ ಫೋನನ್ನು ಬಾಯಿಯ ಹತ್ತಿರ ತಂದುಕೊಂಡ. “ಮರತಾವ ಅಂತ ಸಂಕಟಪಟ್ಟೆ. ಮರತಿಲ್ಲ. ಸಾಕು. ನಾ ಇಲ್ದ ನನ್ನ ದನಿ ಅಷ್ಟ ಕಳಸಿದ್ದು ತಪ್ಪಾತು. ಪಾಪ, ಹುಡುಕ್ತಾವ. ನಾ ಬರೋ ತನಕ ಇನ್ನ ಹಾಕಬ್ಯಾಡ್ರಿ.”

ಮೇಘಾ ಮೂಗು ಒರೆಸಿಕೊಂಡು, “ಡಾಕ್ಟ್ರು ಕಾಲು ಊರು ಅಂದ ದಿನಾನ ಹೋಗೋಣಪ್ಪ. ನಾನ ಬಿಟ್ಟು ಬರ್ತೀನಿ,” ಎಂದಳು. ಅವನು ಅವಳ ತಲೆಯ ಮೇಲೆ ಕೈ ಇಟ್ಟ.

ಫೋನಿನಲ್ಲಿ ಮಾತು ನಿಂತಿತ್ತು. ಬರೀ ಸುಂಯ್. ಕಾಲ್ ಕಟ್ ಆಯಿತೇನೋ ಎಂದು ನಾನು ಕೈ ಚಾಚಿದೆ. ಆಗ ದ್ಯಾಮಕ್ಕ ಮೆಲ್ಲಗೆ ಹೇಳಿದಳು.

“ಅವು ಅಷ್ಟ ಹುಡುಕ್ತಾವ ಅಂತ ತಿಳ್ಕೊಂಡೀರೇನ್ರಿ?”

ಒಂದು ತುಂಡೂ ಕಳೆಯದೆ, ಒಂದಕ್ಷರವೂ ಮಾಸದೆ ಆ ಮಾತು ಬಂತು. ಅವಳ ಸುತ್ತ ಇನ್ನೂರು ಕುರಿ ಕೂಗುತ್ತಿದ್ದಿರಬೇಕು. ಫೋನು ಅವನ್ನೆಲ್ಲ ಒರೆಸಿ ಹಾಕಿ ಅವಳ ದನಿಯನ್ನಷ್ಟೇ ತಂದು ಅವನ ಕಿವಿಗೆ ಕೊಟ್ಟಿತು. ಎರಡು ತಿಂಗಳಿಂದ ದಿನವೂ ಹಾಗೇ ತಂದು ಕೊಡುತ್ತಿತ್ತು. ಇವನು ದಿನವೂ ಆ ದನಿಯ ಹಿಂದೆ ಕುರಿಗಳನ್ನು ಹುಡುಕುತ್ತ ಕೂತಿದ್ದ. ನಾನೂ ಅಷ್ಟೇ. ಕುರಿ ಯಾಕೆ ಕೇಳಿಸುವುದಿಲ್ಲ ಎಂದು ಗಂಟೆಗಟ್ಟಲೆ ಭಾಷಣ ಬಿಗಿದೆನೇ ಹೊರತು, ಕೇಳಿಸುತ್ತಿದ್ದವಳು ಹೇಗಿದ್ದಾಳೆ ಎಂದು ಒಂದು ದಿನವೂ ಯೋಚಿಸಲಿಲ್ಲ.

ಯರ್ರೆಪ್ಪ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ದ್ಯಾಮಿ,” ಎಂದ. “ಉಂಡೇನು?”

“ಇನ್ನ ಇಲ್ರಿ,” ಎಂದಳು ಅವಳು. “ನೀವು ಮಾತಾಡ್ರಿ. ಆಮ್ಯಾಲೆ ಉಣ್ತೀನಿ.”